ತಾತನ ಕುರ್ಚಿಯನ್ನು ಗುಜರಿಗೂ ಹಾಕಬೇಡಿ, ಬಿಳಿ ಪೇಂಟೂ ಬಳಿಯಬೇಡಿ

ಪ್ರತಿ ವರ್ಷ ದಸರೆಗೆ ಮುಂಚೆ ನಾವು ಒಂದು ಸುದ್ದಿ ಕಳಿಸುತ್ತೇವೆ. ಅರಮನೆಯ ಸ್ಟ್ರಾಂಗ್ ರೂಮಿನಿಂದ ಸಿಂಹಾಸನದ ಬಿಡಿಭಾಗಗಳನ್ನು ಹೊರಗೆ ತೆಗೆದು ದರ್ಬಾರ್ ಹಾಲಿನಲ್ಲಿ ಜೋಡಿಸಿದರು ಅನ್ನುವ ಸುದ್ದಿ. ಹೋದ ವರ್ಷದ ತಾರೀಖು ಬದಲಿಸಿದರೆ ಈ ವರ್ಷದ್ದು ರೆಡಿ. ಡೆಸ್ಕಿನವರು ಅದನ್ನು ತಪ್ಪದೆ ಹಾಕುತ್ತಾರೆ, ಜನ ತಪ್ಪದೆ ಓದುತ್ತಾರೆ. ಅದರಲ್ಲಿ ಯಾರು ಕೂತಿದ್ದರು ಅನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೇ ಅದು ಸುದ್ದಿ.

ಅದೇ ಮೈಸೂರಿನ ಅಶೋಕಪುರಂನಲ್ಲಿ ಒಂದು ಕುರ್ಚಿ 600 ರೂಪಾಯಿಗೆ ಹೋಗುವುದರಲ್ಲಿತ್ತು. ಅದು ಯಾರಿಗೂ ಸುದ್ದಿ ಅಲ್ಲ.

ನಾವು ಬೇರೆ ಯಾವುದೋ ಕೆಲಸಕ್ಕೆ ಆ ಬೀದಿಗೆ ಹೋಗಿದ್ದೆವು. ಒಂದು ಮನೆ ಮುಂದೆ ಲಗೇಜ್ ಆಟೋ ನಿಂತಿತ್ತು. ಹಳೇ ಸಾಮಾನು ಕೊಳ್ಳುವವನು ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲು ಕುಟ್ಟಿ, ಮುಖ ಸಿಂಡರಿಸಿ ಹೇಳುತ್ತಿದ್ದ: 'ಹುಳ ಬಿದ್ದೈತೆ ಕಣಮ್ಮ. ಸೌದೆ ರೇಟು. ನಿಮ್ ಮುಖ ನೋಡ್ಕಂಡು ಆರ್ನೂರು ಕೊಡ್ತಿದೀನಿ.'

ಮನೆಯ ಅವ್ವ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಸೊಸೆ ಕೊಟ್ಟುಬಿಡುವ ಮನಸ್ಸಲ್ಲಿದ್ದರು. 'ಕರ್‍ರಗೆ ಜಿಡ್ಡು ಹಿಡ್ದೈತೆ ಸಾರ್, ಯಾರಾದ್ರೂ ಬಂದ್ರೆ ಹಾಕಕ್ಕೆ ನಾಚ್ಕೆ ಆಯ್ತದೆ' ಅಂದರು. ಕುರ್ಚಿ ಯಾರದು ಅಂತ ಕೇಳಿದೆವು. ಅವ್ವ ಹೇಳಿದರು: 'ನಮ್ ಮಾವಂದು. ವರ್ಕ್‌ಶಾಪಲ್ಲಿದ್ರು. ಮೊದ್ಲು ಸಂಬ್ಳ ಕೂಡಾಕಿ ಮಾಡಿಸಿದ್ದು ಇದೇಯ.'

ಒದ್ದೆ ಬಟ್ಟೆ ತರಿಸಿ ಕೈಹಿಡಿಯ ಮೇಲೆ ಒಂದಂಗುಲ ಜಾಗ ಒರೆಸಿದೆವು. ಬಟ್ಟೆ ಕಪ್ಪಾಯಿತು. ಕೆಳಗೆ ನೇರಳೆ ಮಿಶ್ರಿತ ಕಂದು ಬಣ್ಣ, ಅದರೊಳಗೆ ಕಪ್ಪು ಗೆರೆ. ಬೀಟೆ ಮರ. ಆಟೋದವನು ನಮ್ಮ ಕಡೆ ಒಂದು ನೋಟ ಬಿಸಾಕಿ, 'ಎಂಟ್ನೂರು ತಗಳಿ' ಅಂದ. ಒಂದಂಗುಲ ಕೊಳೆ ಹೋದದ್ದಕ್ಕೆ 200 ರೂಪಾಯಿ ಏರಿತು. ಹಾಗಾದರೆ ಪೂರ್ತಿ ಕುರ್ಚಿಯ ಬೆಲೆ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮನೆಯವರಿಗೆ ಮಾತ್ರ.

ಈ ಬರಹ ಆ ಕಾರಣಕ್ಕೆ. ನಮ್ಮ ವಾದ ಇಷ್ಟೇ: ಬಡವರ ಮನೆಯ ಹಳೇ ಮರದ ಸಾಮಾನು ಕೊಳೆಯಾಗಿದೆ, ಹಾಳಾಗಿಲ್ಲ. ಅದನ್ನು ಮನೆಯಲ್ಲೇ, ನಮ್ಮ ಕೈಯಲ್ಲೇ ಸರಿಮಾಡಬಹುದು. ಆದರೆ ಸರಿಮಾಡುವುದು ಅಂದರೆ ಹೊಸದು ಮಾಡುವುದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ್ದರಿಂದ ಒಂದೋ ಗುಜರಿಗೆ ಕೊಡುತ್ತಿದ್ದೇವೆ, ಇಲ್ಲವೇ ನಾವೇ ಕೈಯಾರೆ ಕೆಡಿಸುತ್ತಿದ್ದೇವೆ.

ಕುರ್ಚಿ ಅಂದರೆ ಬರೀ ಕುರ್ಚಿಯೇ?

ಅಶೋಕಪುರಂ ಮೊದಲು ಆದಿಕರ್ನಾಟಕಪುರ ಅಂತ ಕರೆಸಿಕೊಂಡ ಜಾಗ. ದಲಿತರ ದೊಡ್ಡ ಬಡಾವಣೆ. ಪಕ್ಕದಲ್ಲೇ ಇರುವ ರೈಲ್ವೆ ವರ್ಕ್‌ಶಾಪ್ 1924ರಲ್ಲಿ ಶುರುವಾದದ್ದು. ಆಗ ರೈಲು ಬೋಗಿಗಳ ಮೈಯೆಲ್ಲಾ ಮರ. ಉಕ್ಕಿನ ಬೋಗಿ ಮಾಡುವ ಪೆರಂಬೂರಿನ ಕಾರ್ಖಾನೆ ಶುರುವಾದದ್ದೇ 1955ರಲ್ಲಿ. ಅಲ್ಲಿಯವರೆಗೆ ಬೋಗಿ ರಿಪೇರಿ ಅಂದರೆ ಬಹುಪಾಲು ಮರಗೆಲಸ. ಹೊಲದ ಕೂಲಿ, ಜೀತ, ಬಿಟ್ಟಿ ಬಿಟ್ಟು ಬೇರೆ ಗೊತ್ತಿಲ್ಲದ ಮನೆಗಳಿಗೆ ತಿಂಗಳ ಸಂಬಳ ಅನ್ನುವುದು ಬಂದದ್ದು ಇಂಥ ಗೇಟುಗಳ ಒಳಗಿನಿಂದ.

ಆ ಸಂಬಳದಲ್ಲಿ ಒಬ್ಬ ಮನುಷ್ಯ ಮೊದಲು ಮಾಡಿಸಿಕೊಂಡದ್ದು ಕುರ್ಚಿ. ಯಾಕೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೌಡರು ಎದುರಿಗೆ ಬಂದರೆ ಜಗಲಿಯಿಂದ ಎದ್ದು ನಿಲ್ಲಬೇಕಿದ್ದ, ಮಂಚದ ಮೇಲೆ ಕೂತದ್ದೇ ತಪ್ಪಾಗಿದ್ದ ದಿನಗಳನ್ನು ನಿಮ್ಮ ಊರಿನ ಹಿರಿಯರನ್ನು ಕೇಳಿ. ಅಂಬೇಡ್ಕರ್ ಅವರು ತಮ್ಮ ಬಾಲ್ಯದ ನೆನಪಲ್ಲಿ ಬರೆದಿರುವುದೂ ಕೂರುವ ವಿಷಯವನ್ನೇ. ಶಾಲೆಯಲ್ಲಿ ಬೇರೆ ಮಕ್ಕಳ ಜೊತೆ ಕೂರುವ ಹಾಗಿರಲಿಲ್ಲ. ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು ಒಬ್ಬರೇ ಕೂರಬೇಕು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ತಿರುಗಿ ತರಬೇಕಿತ್ತು.

ಗೋಣಿಯಿಂದ ಕುರ್ಚಿಗೆ ಬರಲು ಒಂದು ಮನೆತನಕ್ಕೆ ಎಷ್ಟು ತಲೆಮಾರು ಹಿಡಿಯಿತು? ಆ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ. ಆ ಕೈಹಿಡಿಯ ಸವೆತದಲ್ಲಿ ಇದೆ. ಅದನ್ನು 600 ರೂಪಾಯಿಗೆ ಆಟೋ ಹತ್ತಿಸುತ್ತೇವಲ್ಲ!

ಇದೇ ಊರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ. ಅಲ್ಲಿ ಮಹಾರಾಣಿಯವರು ಓಡಾಡಿದ ಸಲೂನ್ ಬೋಗಿ ಇಟ್ಟಿದ್ದಾರೆ. ಇಡಲಿ, ಸಂತೋಷ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯ ಬಾಗಿಲು, ಛಾವಣಿ, ಕೆತ್ತನೆಗೆಲ್ಲ ನೋಡಿಕೊಳ್ಳುವ ಜನ ಇದ್ದಾರೆ, ದುಡ್ಡಿದೆ. 'ಪಾರಂಪರಿಕ ನಗರಿ' ಅನ್ನುವ ಮಾತನ್ನು ನಾವೇ ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತೇವೆ. ಆದರೆ ಮಹಾರಾಣಿಯ ಬೋಗಿ ಪರಂಪರೆ, ಬೋಗಿ ರಿಪೇರಿ ಮಾಡಿದವನ ಕುರ್ಚಿ ಗುಜರಿ ಅನ್ನುವ ಲೆಕ್ಕವನ್ನು ಯಾರು ಬರೆದರು? ನಾವು ಸುದ್ದಿಯವರೂ ಅದರಲ್ಲಿ ಪಾಲುದಾರರು, ಒಪ್ಪಿಕೊಳ್ಳುತ್ತೇವೆ.

ನಮ್ಮ ವಸ್ತುವನ್ನು ಯಾರೋ ಬಂದು ಕಾಪಾಡಲಿ ಅಂತ ಕಾಯಬೇಕಿಲ್ಲ. ನಾಗಪುರದ ಹತ್ತಿರ ಚಿಚೋಲಿಯ ಶಾಂತಿವನದಲ್ಲಿ ಅಂಬೇಡ್ಕರ್ ಬಳಸಿದ ಟೈಪ್‌ರೈಟರ್, ಬಟ್ಟೆಬರೆಯನ್ನು ಜತನವಾಗಿ ಇಟ್ಟಿದ್ದಾರೆ. ಬಳಸಿದ ಮನುಷ್ಯನನ್ನು ನೆನೆಯುವವರು ಇದ್ದರೆ ವಸ್ತು ಉಳಿಯುತ್ತದೆ.

ಯೂಟ್ಯೂಬ್ ಹೇಳುವ 'ಹೊಸದು'

ಈಗ ಎರಡನೇ ಅಪಾಯ. ಮಾರದೆ ಉಳಿಸಿಕೊಂಡ ಮನೆಯ ಹುಡುಗರು ಫೋನಲ್ಲಿ ವಿಡಿಯೋ ನೋಡುತ್ತಾರೆ. ಮಷಿನ್ ಇಟ್ಟು ಪೂರ್ತಿ ಉಜ್ಜಿ, ಬಿಳಿ ಬಣ್ಣ ಬಳಿದು, ಬಂಗಾರದ ಗೆರೆ ಎಳೆದು, ಮೊದಲು ಹೀಗಿತ್ತು ಈಗ ಹೀಗಿದೆ ಅಂತ ತೋರಿಸುವ ವಿಡಿಯೋ. ನೋಡಲು ಚೆಂದ. ಆದರೆ ಅಲ್ಲಿ ಉಜ್ಜುತ್ತಿರುವುದು ಅವರ ಅಗ್ಗದ ಪೈನ್ ಮರ. ಬೀಟೆಯನ್ನೋ ತೇಗವನ್ನೋ ಹಾಗೆ ಉಜ್ಜಿದರೆ ಅರವತ್ತು ವರ್ಷದಲ್ಲಿ ಮೇಲ್ಮೈಗೆ ಬಂದ ಬಣ್ಣ ಹದಿನೈದು ನಿಮಿಷದಲ್ಲಿ ಹುಡಿಯಾಗಿ ನೆಲಕ್ಕೆ ಬೀಳುತ್ತದೆ. ಕೈ ಇಟ್ಟು ಇಟ್ಟು ನುಣುಪಾದ ಜಾಗ ಹೋಗುತ್ತದೆ. ಕೆತ್ತನೆಯ ಅಂಚು ಮೊಂಡಾಗುತ್ತದೆ. ಅದನ್ನು ವಾಪಸ್ ತರುವ ಪಾಲಿಶ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ವಿಷಯ, ಮಕ್ಕಳಿರುವ ಮನೆಯವರು ಗಮನಿಸಿ. ಹಳೇ ಸಾಮಾನಿಗೆ ಎನಾಮಲ್ ಪೇಂಟ್ ಬಳಿದಿದ್ದರೆ ಅದನ್ನು ಒಣಗಿದ ಹಾಗೇ ಉಜ್ಜಲೇಬೇಡಿ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಪೇಂಟಿನ ಹುಡಿ ಮಕ್ಕಳ ಉಸಿರಿಗೆ, ಬಾಯಿಗೆ ಹೋದರೆ ಮಿದುಳಿಗೇ ತೊಂದರೆ. ಪೇಂಟ್ ಗಟ್ಟಿಯಾಗಿದ್ದರೆ ಇರಲಿ ಬಿಡಿ. ಏಳುತ್ತಿದ್ದರೆ ನೀರು ಹಾಕಿ ಒದ್ದೆ ಮಾಡಿಕೊಂಡು, ಮನೆ ಹೊರಗೆ, ಮಕ್ಕಳನ್ನು ದೂರ ಇಟ್ಟು ತೆಗೆಯಿರಿ. ಬಿದ್ದ ಚೂರನ್ನು ಹಿತ್ತಲಿಗೆ ಎಸೆಯದೆ ಕವರಿಗೆ ತುಂಬಿ ಕಟ್ಟಿ ಕಸದ ಗಾಡಿಗೆ ಕೊಡಿ.

ಹಾಗಾದರೆ ಏನು ಮಾಡಬೇಕು?

ಹೇಳುವುದು ಸುಲಭ, ಮಾಡುವುದು ಹೇಗೆ ಅಂತ ಕೇಳುತ್ತೀರಿ. ಆ ಅವ್ವನ ಮೊಮ್ಮಗನೂ ಅದನ್ನೇ ಕೇಳಿದ. ಬಡಗಿಗಳನ್ನು ಕೇಳಿ, ಓದಿ, ನಮ್ಮ ಮನೆಯ ಸಾಮಾನಿನ ಮೇಲೆ ಮಾಡಿ ಕಲಿತದ್ದನ್ನು ಹೇಳುತ್ತೇವೆ.

ಮೊದಲು ಹುಳದ ಮಾತು. ಮರದಲ್ಲಿ ತೂತು ಇದ್ದ ಮಾತ್ರಕ್ಕೆ ಹುಳ ಇದೆ ಅಂತಲ್ಲ. ಎಂದೋ ಬಂದು ಎಂದೋ ಹೋಗಿರಬಹುದು. ಕುರ್ಚಿ ಕೆಳಗೆ ಹಳೇ ಪೇಪರ್ ಹಾಸಿ ಹದಿನೈದು ದಿನ ಅಲುಗಿಸದೆ ಬಿಡಿ. ಪೇಪರ್ ಮೇಲೆ ಹಿಟ್ಟಿನಂಥ ಹೊಸ ಹುಡಿ ಬಿದ್ದರೆ ಹುಳ ಬದುಕಿದೆ. ಬೀಳದಿದ್ದರೆ ಬಹುಮಟ್ಟಿಗೆ ಇಲ್ಲ. ಬದುಕಿದ್ದರೆ ಆ ಸಾಮಾನನ್ನು ಬೇರೆ ಮರದಿಂದ ದೂರ ಇಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮರದ ಹುಳದ ಔಷಧಿಯನ್ನು ಕೈಗವಸು ಹಾಕಿಕೊಂಡು ತೂತುಗಳಿಗೆ ಬಿಡಿ. ಇಷ್ಟು ಗೊತ್ತಿದ್ದರೆ ಆಟೋದವನ 'ಹುಳ ಬಿದ್ದೈತೆ' ಅನ್ನುವ ಮಾತಿಗೆ ಬೆಲೆ ಇಲ್ಲ.

ಎರಡನೆಯದು ಕೊಳೆ. ಒಲೆ ಹೊಗೆ, ಎಣ್ಣೆ ಕೈ, ಧೂಳು ಸೇರಿ ಕಪ್ಪು ಪದರ ಆಗಿರುತ್ತದೆ. ಅರ್ಧ ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್, ಹತ್ತಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಬಟ್ಟೆ ತೇವ ಇರಬೇಕು, ನೀರು ಇಳಿಯಬಾರದು. ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್. ಒಂದೊಂದು ಭಾಗ ಒರೆಸಿದ ಕೂಡಲೇ ಒಣಬಟ್ಟೆ ಹಾಕಿ. ಪೈಪ್ ಹಿಡಿದು ತೊಳೆಯುವುದು, ಬಿಸಿಲಿಗೆ ಒಣಹಾಕುವುದು ಬೇಡ. ಮರ ಸೀಳುತ್ತದೆ, ಕೂಡಿಸಿದ ಜಾಗ ಬಿಡುತ್ತದೆ. ನೆರಳಲ್ಲಿ ಎರಡು ದಿನ ಇರಲಿ. ಹತ್ತರಲ್ಲಿ ಆರು ಸಾಮಾನಿಗೆ ಕೆಲಸ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನಮ್ಮ ಅನುಭವ.

ಮೂರನೆಯದು ಮೇಲಿನ ಪಾಲಿಶ್ ಯಾವುದು ಅಂತ ತಿಳಿಯುವುದು. ಕಾಣದ ಜಾಗದಲ್ಲಿ, ಸೀಟಿನ ಅಡಿಯಲ್ಲೋ ಹಿಂಬದಿಯಲ್ಲೋ, ಹತ್ತಿಗೆ ಸ್ಪಿರಿಟ್ ತಾಗಿಸಿ ಒಂದು ನಿಮಿಷ ಒತ್ತಿ. ಅಂಟಂಟಾದರೆ ಅದು ಹಳೇ ಫ್ರೆಂಚ್ ಪಾಲಿಶ್, ಅಂದರೆ ಅರಗು. ಮರದ ರೆಂಬೆ ಮೇಲೆ ಸಣ್ಣ ಕೀಟ ಬಿಡುವ ಅಂಟೇ ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ, ಹೊಳಪು ಕೊಡುವುದೂ ಇದೇ. ಅರಗಿನ ದೊಡ್ಡ ಗುಣ ಏನೆಂದರೆ ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದು ಹಚ್ಚಬಹುದು, ಎರಡೂ ಬೆರೆತುಕೊಳ್ಳುತ್ತವೆ. ಅಂಗಡಿಯಲ್ಲಿ ಅರಗಿನ ಚಕ್ಕೆ ಸಿಗುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ ನೂರರಿಂದ ನೂರೈವತ್ತು ಗ್ರಾಂ ಹಾಕಿ ರಾತ್ರಿಯಿಡೀ ಬಿಟ್ಟರೆ ಕರಗುತ್ತದೆ. ಬಟ್ಟೆಯಲ್ಲಿ ಸೋಸಿ. ಹತ್ತಿ ಉಂಡೆಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ, ಅದ್ದಿ, ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಇನ್ನೊಂದು ಕೈ. ಮಳೆ ಹಿಡಿದ ದಿನ ಬೇಡ, ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ. ಸ್ಪಿರಿಟ್ ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಇರಬಾರದು.

ಬಿಸಿ ಲೋಟ ಇಟ್ಟು ಆದ ಬಿಳಿ ಉಂಗುರಕ್ಕೆ ನಮ್ಮ ಅಜ್ಜಿಯರ ದಾರಿಯೇ ಸಾಕು: ನುಣ್ಣನೆ ವಿಭೂತಿಗೆ ಒಂದು ತೊಟ್ಟು ಎಣ್ಣೆ ಕಲಸಿ, ಬೆರಳಲ್ಲಿ ನಿಧಾನ ಉಜ್ಜಿ ಒರೆಸಿಬಿಡಿ. ಕಪ್ಪು ಉಂಗುರ ಬೇರೆ. ಅದು ಒದ್ದೆ ಕಬ್ಬಿಣ ತಾಗಿ ಮರದ ಒಳಗೇ ಇಳಿದ ಕಲೆ. ಅದಕ್ಕೆ ಆಸಿಡ್ ಹಾಕಿ ಎಂದು ಹೇಳುವವರಿದ್ದಾರೆ. ಅದು ವಿಷ. ಬಿಟ್ಟುಬಿಡಿ, ಕಲೆ ಇದ್ದರೆ ಇರಲಿ.

ಎಣ್ಣೆ ಹಚ್ಚುವವರಿಗೆ ಒಂದು ಮಾತು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಮತ್ತೆ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆಗೆ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತಮಾಷೆ ಅಲ್ಲ. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಕಾಲು ಅಲ್ಲಾಡುತ್ತಿದ್ದರೆ ಮೊಳೆ ಹೊಡೆಯಬೇಡಿ. ಮೊಳೆ ಮರ ಸೀಳುತ್ತದೆ, ತುಕ್ಕು ಹಿಡಿದು ಕಪ್ಪು ಮಾಡುತ್ತದೆ. ಹಳೇ ಬಡಗಿಗಳು ತೊಗಲು, ಮೂಳೆ ಬೇಯಿಸಿ ತೆಗೆದ ಅಂಟು ಹಾಕುತ್ತಿದ್ದರು. ಬಿಸಿನೀರಿನ ಬಟ್ಟೆ ಇಟ್ಟರೆ ಅದು ಬಿಡುತ್ತದೆ. ಹಳೇ ಅಂಟು ಒರೆಸಿ, ಮರದ ಅಂಟು ಹಾಕಿ, ಹಗ್ಗದಲ್ಲಿ ಬಿಗಿದು ಒಂದು ದಿನ ಬಿಡಿ. ಇಲ್ಲೊಂದು ಮಾತು ಹೇಳದೆ ಇರಲಾಗದು. ತೊಗಲು, ಮೂಳೆ ಮುಟ್ಟಿದವರನ್ನು ಊರಾಚೆ ಇಟ್ಟವರ ತೊಟ್ಟಿ ಮನೆಯ ಕುರ್ಚಿಗಳೂ ಅದೇ ತೊಗಲಿನ ಅಂಟಿನಲ್ಲೇ ನಿಂತಿದ್ದವು.

'ಜಾಗ ಎಲ್ಲಿದೆ ಸಾರ್?'

ಈ ಪ್ರಶ್ನೆ ಬರುತ್ತದೆ, ನ್ಯಾಯವಾದದ್ದೇ. ಹತ್ತು ಬೈ ಹನ್ನೆರಡರ ರೂಮಿನಲ್ಲಿ ಐದು ಜನ ಇರುವಾಗ ದೊಡ್ಡ ಬೀರು ಇಟ್ಟುಕೊಳ್ಳಿ ಅನ್ನುವುದು ದಬ್ಬಾಳಿಕೆ. ಆ ಮನೆಯಲ್ಲೂ ತೇಗದ ಒಂದು ಬೆಂಚು ಹೋದ ವರ್ಷವೇ ಹೋಗಿತ್ತು, ಆಸ್ಪತ್ರೆ ಖರ್ಚಿಗೆ. ಅದನ್ನು ತಪ್ಪು ಅನ್ನಲು ನಾವ್ಯಾರು? ಕಷ್ಟಕ್ಕೆ ಮಾರುವುದಾದರೆ ಮಾರಿ. ಆದರೆ ಒರೆಸಿ ಮಾರಿ. ಯಾವ ಮರ ಅಂತ ತಿಳಿದು ಮಾರಿ. ಬೀದಿಗೆ ಬಂದ ಮೊದಲ ಆಟೋಗೆ ಕೊಡದೆ ಒಬ್ಬ ಬಡಗಿಯನ್ನು ಕೇಳಿ, ಮೂರು ಕಡೆ ವಿಚಾರಿಸಿ ಮಾರಿ. ಮಂಡಿ ಮೊಹಲ್ಲಾದ ಕಡೆ ಬೀಟೆ ಕೆಲಸ ಬಲ್ಲವರು ಇನ್ನೂ ಇದ್ದಾರೆ, ನೋಡಿದರೆ ಹೇಳುತ್ತಾರೆ.

ಇನ್ನೊಂದು ಪ್ರಶ್ನೆ: ಇದೆಲ್ಲ ಯಾಕೆ, ಕಂತಿನಲ್ಲಿ ಹೊಸದು ಬರುತ್ತದಲ್ಲ? ಬರುತ್ತದೆ. ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ, ಮೇಲೆ ಮರದ ಚಿತ್ರದ ಹಾಳೆ ಅಂಟಿಸಿದ ಹಲಗೆಯದು. ಒಂದು ಮಳೆಗಾಲ ಗೋಡೆ ಒಸರಿದರೆ ಕಾಲು ಊದಿಕೊಳ್ಳುತ್ತದೆ. ಒಮ್ಮೆ ಕಳಚಿದ ಸ್ಕ್ರೂ ಮತ್ತೆ ಕೂರುವುದಿಲ್ಲ. ಕಂತು ಮುಗಿಯುವ ಮುಂಚೆ ಸಾಮಾನು ಮುಗಿದಿರುತ್ತದೆ. ಅದನ್ನು ರಿಪೇರಿ ಮಾಡುವ ಬಡಗಿ ಇಲ್ಲ, ಯಾಕೆಂದರೆ ಅದು ರಿಪೇರಿಯಾಗುವ ವಸ್ತುವೇ ಅಲ್ಲ. ಇತ್ತ ತೇಗದ ಮರ ಒಳ್ಳೇ ದಿಮ್ಮಿಯಾಗಲು ಐವತ್ತು ಅರವತ್ತು ವರ್ಷ ಬೇಕು. ಬೀಟೆಗೆ ಅದಕ್ಕಿಂತಲೂ ಹೆಚ್ಚು. ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 2017ರಿಂದ ಹಿಡಿತ ಬಂದಿದೆ, ಅಷ್ಟು ಕಡಿಮೆಯಾಗಿದೆ. ನಿಮ್ಮ ಮನೆಯಲ್ಲಿರುವ ಕುರ್ಚಿಯಂಥದ್ದು ಇನ್ನು ನಿಮ್ಮ ಮೊಮ್ಮಕ್ಕಳ ಸಂಬಳದಲ್ಲೂ ಸುಲಭಕ್ಕೆ ಬರುವುದಿಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾವು ಹೇಳುತ್ತಿಲ್ಲ. ಹಳೇ ಕಾಲ ಯಾರಿಗೆ ಚೆನ್ನಾಗಿತ್ತು ಅಂತ ನಮಗೆ ಗೊತ್ತು. ಗೌಡರ ಮನೆಯ ತೂಗುಮಂಚ ನೋಡಿ ಆಹಾ ಅನ್ನುವ ಹಂಬಲ ನಮಗಿಲ್ಲ. ನಾವು ಕೇಳುತ್ತಿರುವುದು ಕೂರಲು ಬಿಡದ ಕಾಲದಲ್ಲಿ ಕೂತವರ ಕುರ್ಚಿಯನ್ನು. ಅದು ಹಳೆಯದು ಅನ್ನುವ ಕಾರಣಕ್ಕಲ್ಲ, ಗೆದ್ದದ್ದು ಅನ್ನುವ ಕಾರಣಕ್ಕೆ ಉಳಿಯಬೇಕು. ಗೆದ್ದದ್ದಕ್ಕೆ ಬಿಳಿ ಪೇಂಟ್ ಯಾಕೆ? ಸವೆದ ಕೈಹಿಡಿಗೆ ನಾಚಿಕೆ ಯಾಕೆ?

ಆ ಕುರ್ಚಿ ಈಗಲೂ ಆ ಮನೆಯಲ್ಲಿದೆ. ಮೊಮ್ಮಗ ಎರಡು ಭಾನುವಾರ ಹಿಡಿದು ಒರೆಸಿದ, ಪಾಲಿಶ್ ಎಳೆದ. ಅರಗು, ಸ್ಪಿರಿಟ್, ಹತ್ತಿ ಎಲ್ಲ ಸೇರಿ ಖರ್ಚು ಆಟೋದವನು ಹೇಳಿದ 600ಕ್ಕಿಂತ ಕಡಿಮೆ. ಸೀಟಿನ ಮೂಲೆಯಲ್ಲಿ ಒಂದು ಕಪ್ಪು ಉಂಗುರ ಹಾಗೇ ಇದೆ. ಸೊಸೆಗೆ ಅದು ಇನ್ನೂ ಸಮಾಧಾನ ಇಲ್ಲ, ಮೇಲೊಂದು ಬಟ್ಟೆ ಹಾಸಿದ್ದಾರೆ. ಅವ್ವ ಆ ಬಟ್ಟೆ ತೆಗೆದು ಕೂರುತ್ತಾರೆ.

ನೀವೂ ಒಂದು ಕೆಲಸ ಮಾಡಿ. ಇವತ್ತು ಸಂಜೆ ನಿಮ್ಮ ಮನೆಯ ಹಳೇ ಕುರ್ಚಿ, ಪೆಟ್ಟಿಗೆ, ಬೆಂಚು ಯಾವುದಾದರೂ ಒಂದರ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದಂಗುಲ ಒರೆಸಿ ನೋಡಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ: ಇದನ್ನು ಮಾಡಿಸಿದವರು ಯಾರು, ಯಾವ ದುಡ್ಡಲ್ಲಿ, ಯಾವ ವರ್ಷ? ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಕೆಳಗೆ, ಕಾಣದ ಜಾಗದಲ್ಲಿ ಅಂಟಿಸಿ. ಸಿಂಹಾಸನದಲ್ಲಿ ಕೂತವರ ಹೆಸರನ್ನು ನಾವು ಪ್ರತಿ ವರ್ಷ ಬರೆಯುತ್ತೇವೆ. ನಿಮ್ಮ ಕುರ್ಚಿಯಲ್ಲಿ ಕೂತವರ ಹೆಸರನ್ನು ನೀವೇ ಬರೆಯಬೇಕು.